ಪೆಟ್ಟಿಗೆಯ ಲೆಕ್ಕ, ಹೊಲದ ಲೆಕ್ಕ

ಜೇನ್ನೊಣಗಳು ನಾಶವಾಗುತ್ತಿವೆ ಎನ್ನುವವರೂ ಇದ್ದಾರೆ, ಹೆಚ್ಚುತ್ತಿವೆ ಎನ್ನುವವರೂ ಇದ್ದಾರೆ. ಇಬ್ಬರ ಕೈಯಲ್ಲೂ ಅಂಕಿಅಂಶಗಳಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದ ಪ್ರಕಾರ 1961ರಿಂದ 2007ರ ನಡುವೆ ಜಗತ್ತಿನ ಸಾಕು ಜೇನುಕುಟುಂಬಗಳ ಸಂಖ್ಯೆ ಸುಮಾರು ಶೇ. 45ರಷ್ಟು ಏರಿತು. ಇನ್ನೊಂದೆಡೆ ಅಮೆರಿಕದ ಜೇನುಸಾಕಣೆದಾರರು ವರ್ಷ ವರ್ಷವೂ ತಮ್ಮ ಕುಟುಂಬಗಳಲ್ಲಿ ಮೂರನೇ ಒಂದು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಳ್ಳುತ್ತಿದ್ದಾರೆ. ಇವೆರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯೇನಿಲ್ಲ. ಸತ್ತ ಕುಟುಂಬದ ಜಾಗಕ್ಕೆ ಸಾಕಣೆದಾರ ಬದುಕಿದ ಕುಟುಂಬವನ್ನು ಪಾಲು ಮಾಡಿ ಕೂರಿಸುತ್ತಾನೆ, ಹೊಸ ರಾಣಿಯನ್ನು ಕೊಂಡು ತರುತ್ತಾನೆ, ಹೂವಿಲ್ಲದ ದಿನಗಳಲ್ಲಿ ಸಕ್ಕರೆ ಪಾಕ ಕುಡಿಸುತ್ತಾನೆ. ವರ್ಷದ ಕೊನೆಗೆ ಪೆಟ್ಟಿಗೆಗಳು ಮೊದಲಿನಷ್ಟೇ ಇರುತ್ತವೆ, ಕೆಲವೊಮ್ಮೆ ಹೆಚ್ಚೂ ಆಗಿರುತ್ತವೆ. ಆ ಸಂಖ್ಯೆ ಸಾಕಣೆದಾರನ ದುಡಿಮೆಯನ್ನೂ ಜೇನಿನ ಮಾರುಕಟ್ಟೆಯನ್ನೂ ತೋರಿಸುತ್ತದೆ. ಹೊಲ, ತೋಟ, ಕಾಡುಗಳಲ್ಲಿ ಹೂವಿನಿಂದ ಹೂವಿಗೆ ಹಾರುವ ಜೀವಿಗಳ ಆರೋಗ್ಯದ ಬಗ್ಗೆ ಅದು ಬಹಳ ಕಡಿಮೆ ಹೇಳುತ್ತದೆ. ಆದರೂ ಕೀಟನಾಶಕಗಳ ಕುರಿತ ಮೂರು ದಶಕಗಳ ಜಗಳ ಬಹುಪಾಲು ನಡೆದದ್ದು ಈ ಪೆಟ್ಟಿಗೆಯ ಲೆಕ್ಕದ ಮೇಲೆಯೇ. ಆ ಲೆಕ್ಕವನ್ನು ನಂಬಿ ಕೀಟನಾಶಕಕ್ಕೆ ಖುಲಾಸೆ ಕೊಡುವುದು ತಪ್ಪು, ಮತ್ತು ಆ ತಪ್ಪಿನ ಬೆಲೆಯನ್ನು ಹೆಚ್ಚಾಗಿ ತೆರಬೇಕಾಗಿರುವುದು ನಮ್ಮಂಥ ನಾಡುಗಳೇ ಎಂಬುದು ಈ ಅಧ್ಯಾಯದ ವಾದ.

ವಾದ ಗಟ್ಟಿಯಾಗಬೇಕಾದರೆ ಎದುರು ಪಕ್ಷದ ಬಲವಾದ ಸಾಕ್ಷ್ಯವನ್ನೇ ಮೊದಲು ಒಪ್ಪಿಕೊಳ್ಳಬೇಕು. ಸಾಕು ಜೇನ್ನೊಣಗಳ ಅತಿ ದೊಡ್ಡ ಶತ್ರು ಕೀಟನಾಶಕವಲ್ಲ, ವರೋವಾ ಎಂಬ ನುಸಿ. ಇದು ಮೂಲತಃ ನಮ್ಮ ಏಷ್ಯಾದ ತುಡುವೆ ಜೇನಿನ ಪರಾವಲಂಬಿ. ತುಡುವೆಯ ಗೂಡಿನಲ್ಲಿ ಇದು ಹೆಚ್ಚಾಗಿ ಗಂಡುನೊಣಗಳ ಕೋಶಗಳಲ್ಲಷ್ಟೇ ಸಂತಾನ ಬೆಳೆಸುವುದರಿಂದ ಕುಟುಂಬಕ್ಕೆ ದೊಡ್ಡ ಅಪಾಯವಿಲ್ಲ. ಕಳೆದ ಶತಮಾನದಲ್ಲಿ ಯುರೋಪಿನ ಮೆಲ್ಲಿಫೆರಾ ಜೇನನ್ನು ಏಷ್ಯಾಕ್ಕೆ ತಂದಾಗ ನುಸಿ ಅದರ ಮೈಗೆ ಹತ್ತಿತು. ಆ ನೊಣಕ್ಕೆ ಇದನ್ನು ಎದುರಿಸಿದ ಅನುಭವವೇ ಇರಲಿಲ್ಲ. ನುಸಿಯ ಜೊತೆಗೆ ರೆಕ್ಕೆ ಮುರುಟಿಸುವ ವೈರಸ್ ಕೂಡ ಖಂಡದಿಂದ ಖಂಡಕ್ಕೆ ಹರಡಿತು. 2022ರ ಜೂನ್‌ನಲ್ಲಿ ನ್ಯೂಕ್ಯಾಸಲ್ ಬಂದರಿನ ಬಳಿ ಪತ್ತೆಯಾಗುವವರೆಗೂ ಆಸ್ಟ್ರೇಲಿಯಾದಲ್ಲಿ ವರೋವಾ ನೆಲೆಯೂರಿರಲಿಲ್ಲ. ಬೇರೆಡೆಯಲ್ಲಿ ಬಳಸುವ ಕೀಟನಾಶಕಗಳನ್ನು ಅಲ್ಲಿಯೂ ಬಳಸುತ್ತಿದ್ದರು, ಆದರೂ ಅಮೆರಿಕದಂಥ ಸಾಮೂಹಿಕ ಕುಸಿತ ಅಲ್ಲಿ ಆಗಿರಲಿಲ್ಲ. 2025ರ ಆರಂಭದಲ್ಲಿ ಅಮೆರಿಕದ ವಾಣಿಜ್ಯ ಸಾಕಣೆದಾರರ ಕುಟುಂಬಗಳು ಅರ್ಧಕ್ಕಿಂತ ಹೆಚ್ಚು ಸತ್ತಾಗ, ಸರ್ಕಾರಿ ವಿಜ್ಞಾನಿಗಳಿಗೆ ಸಿಕ್ಕಿದ್ದು ನುಸಿಗಳು ಹರಡಿದ ವೈರಸ್ಸುಗಳು ಮತ್ತು ನುಸಿನಾಶಕ ಔಷಧಿಗೇ ಜಗ್ಗದ ನುಸಿಗಳು.

ನಮ್ಮ ನಾಡಿನ ಚರಿತ್ರೆಯೂ ಇದೇ ಪಾಠ ಹೇಳುತ್ತದೆ. 1991–92ರ ಸುಮಾರಿಗೆ ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡ ಸೇರಿದಂತೆ ಮಲೆನಾಡು ಕರಾವಳಿಗಳ ತುಡುವೆ ಪೆಟ್ಟಿಗೆಗಳು ಒಂದಾದ ಮೇಲೊಂದು ಬರಿದಾದವು. ಶೇ. 90ಕ್ಕಿಂತ ಹೆಚ್ಚು ಕುಟುಂಬಗಳು ಅಳಿದವೆಂಬ ಅಂದಾಜಿದೆ. ತಲೆಮಾರುಗಳಿಂದ ಬಂದ ಕಸುಬು ಎರಡು ಮೂರು ವರ್ಷಗಳಲ್ಲಿ ನೆಲ ಕಚ್ಚಿತು. ಕಾರಣ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಲಾದ ಈ ರೋಗ ಈಶಾನ್ಯ ಭಾರತದ ಮೂಲಕ ಇಳಿದು ಬಂದು, ಕೋಶದಲ್ಲಿರುವ ಮರಿಗಳನ್ನು ನೀರು ತುಂಬಿದ ಚೀಲಗಳಂತೆ ಮಾಡಿ ಕೊಂದಿತು. ಇಂದು ಎಲ್ಲರ ಬಾಯಲ್ಲಿರುವ ಹೊಸ ಪೀಳಿಗೆಯ ಕೀಟನಾಶಕಗಳು ಆಗಿನ್ನೂ ನಮ್ಮ ಹೊಲಗಳಿಗೆ ಕಾಲಿಟ್ಟಿರಲಿಲ್ಲ. ಹಾಗಾಗಿ ಜೇನು ಎಲ್ಲಿ ಸತ್ತರೂ ಔಷಧಿಯತ್ತಲೇ ಬೆರಳು ತೋರಿಸುವವರು ವಿಜ್ಞಾನಕ್ಕೂ ಜೇನಿಗೂ ನ್ಯಾಯ ಮಾಡುತ್ತಿಲ್ಲ.

ಆದರೆ ಕೀಟನಾಶಕ ಏಕೈಕ ಕಾರಣವಲ್ಲ ಎಂದ ಮಾತ್ರಕ್ಕೆ ಅದು ಕಾರಣವೇ ಅಲ್ಲ ಎಂದಾಗುವುದಿಲ್ಲ. ಈ ಚರ್ಚೆಯ ಕೇಂದ್ರದಲ್ಲಿರುವುದು ನಿಯೊನಿಕೋಟಿನಾಯ್ಡ್ ಎಂಬ ಗುಂಪು. ಇದರ ಮೊದಲ ಸದಸ್ಯ ಇಮಿಡಾಕ್ಲೋಪ್ರಿಡ್ 1991ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಗಾರರಿಗೆ ಇದು ಚಿರಪರಿಚಿತ. ತಂಬಾಕಿನ ನಿಕೋಟಿನ್‌ನಂತೆ ಇದು ಕೀಟದ ನರಕೋಶಗಳ ಗ್ರಾಹಕಗಳಿಗೆ ಅಂಟಿಕೊಂಡು, ಸಂದೇಶವನ್ನು ನಿಲ್ಲಗೊಡದೆ ಮತ್ತೆ ಮತ್ತೆ ಕೆರಳಿಸುತ್ತದೆ. ಇದರ ವಿಶೇಷವೆಂದರೆ ನೀರಿನಲ್ಲಿ ಕರಗಿ ಗಿಡದ ಒಳಗೆಲ್ಲ ಹರಿದಾಡುವುದು. ಬಿತ್ತುವ ಮೊದಲು ಬೀಜಕ್ಕೆ ಲೇಪಿಸಿದರೆ ಸಾಕು, ಬೇರು, ಕಾಂಡ, ಎಲೆ ಮಾತ್ರವಲ್ಲ, ಪರಾಗ ಮತ್ತು ಮಕರಂದದಲ್ಲೂ ಅಲ್ಪಾಂಶ ಸೇರುತ್ತದೆ. ಬೀಜಕ್ಕೆ ಹಚ್ಚಿದ ವಿಷದ ಬಹುಪಾಲನ್ನು ಗಿಡ ಹೀರುವುದೇ ಇಲ್ಲ. ಅದು ಮಣ್ಣಿನಲ್ಲಿ ಉಳಿದು, ನೀರಿನೊಡನೆ ಸರಿದು, ಬದುವಿನ ಕಳೆಗಿಡಗಳ ಹೂವನ್ನೂ ತಲಪುತ್ತದೆ. ಸುಮಾರು 4 ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ನಾಲ್ಕು ಪಾಲು, ಹೊಟ್ಟೆಗೆ ಹೋದ ಜೇನ್ನೊಣಗಳಲ್ಲಿ ಅರ್ಧದಷ್ಟು ಸಾಯುತ್ತವೆ. ಒಂದು ಗ್ರಾಂನಲ್ಲಿ ಅಂಥ 25 ಕೋಟಿ ಪ್ರಮಾಣಗಳಿವೆ. 2008ರ ವಸಂತದಲ್ಲಿ ಜರ್ಮನಿಯ ರೈನ್ ಕಣಿವೆಯಲ್ಲಿ ಮುಸುಕಿನ ಜೋಳ ಬಿತ್ತುವಾಗ, ಬೀಜಕ್ಕೆ ಸರಿಯಾಗಿ ಅಂಟದ, ಇದೇ ಗುಂಪಿನ ಕ್ಲೋಥಿಯಾನಿಡಿನ್ ಪುಡಿ ಬಿತ್ತನೆ ಯಂತ್ರದ ಗಾಳಿಯೊಡನೆ ಹಾರಿ ಸುತ್ತಲಿನ ಹೂಗಳ ಮೇಲೆ ಕೂತಿತು. 11,000ಕ್ಕೂ ಹೆಚ್ಚು ಜೇನುಕುಟುಂಬಗಳು ತೊಂದರೆಗೊಳಗಾದವು.

ಗೂಡಿನ ಮುಂದೆ ಹೆಣದ ರಾಶಿ ಬಿದ್ದಾಗ ಕಾರಣ ಹುಡುಕುವುದು ಸುಲಭ. ಹೆಣ ಬೀಳದೆ ಆಗುವ ಹಾನಿಯನ್ನು ಹಿಡಿಯುವುದೇ ಕಷ್ಟ. ಕೀಟನಾಶಕವೊಂದಕ್ಕೆ ಪರವಾನಗಿ ಕೊಡುವ ಮೊದಲು ಜೇನ್ನೊಣದ ಮೇಲೆ ನಡೆಸುವ ಮೂಲ ಪರೀಕ್ಷೆ ತೀರ ಸರಳವಾದದ್ದು. ಪಂಜರದಲ್ಲಿರುವ ವಯಸ್ಕ ಮೆಲ್ಲಿಫೆರಾ ನೊಣಗಳಿಗೆ ಒಂದು ಪ್ರಮಾಣ ತಿನ್ನಿಸಿ ಅಥವಾ ಮೈಗೆ ತಾಗಿಸಿ, 48 ಗಂಟೆಗಳಲ್ಲಿ ಎಷ್ಟು ಸತ್ತವೆಂದು ಎಣಿಸುತ್ತಾರೆ. ಆದರೆ ಪಂಜರದಲ್ಲಿ ಬದುಕಿ ಉಳಿದ ನೊಣಕ್ಕೆ ಹೊಲದಲ್ಲಿ ಕಿಲೋಮೀಟರುಗಟ್ಟಲೆ ಹಾರಿ, ದಾರಿ ನೆನಪಿಟ್ಟು, ಮರಳಿ ಗೂಡು ಸೇರುವ ಕೆಲಸವಿದೆ. 2012ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು 653 ನೊಣಗಳ ಬೆನ್ನಿಗೆ ರೇಡಿಯೊ ಗುರುತಿನ ಬಿಲ್ಲೆ ಅಂಟಿಸಿ, ಕೆಲವಕ್ಕೆ ಇದೇ ಗುಂಪಿನ ಥಯಾಮೆಥೋಕ್ಸಾಮ್ ಅನ್ನು ಕೊಲ್ಲದಷ್ಟು ಕಡಿಮೆ ಪ್ರಮಾಣದಲ್ಲಿ ಕುಡಿಸಿ ಗೂಡಿನಿಂದ ದೂರದಲ್ಲಿ ಬಿಟ್ಟರು. ದಾರಿ ಪರಿಚಯವಿದೆಯೋ ಇಲ್ಲವೋ ಎಂಬುದರ ಮೇಲೆ, ವಿಷ ಕುಡಿದವುಗಳಲ್ಲಿ ಸುಮಾರು ಶೇ. 10ರಿಂದ 30ರಷ್ಟು ಅದೇ ಕಾರಣಕ್ಕೆ ಮನೆ ಸೇರಲಿಲ್ಲ. ಪಂಜರದ ಪರೀಕ್ಷೆಯ ಪ್ರಕಾರ ಇವೆಲ್ಲ ಬದುಕಿರುವ ನೊಣಗಳೇ. ಕುಟುಂಬದ ಪಾಲಿಗೆ ಮಾತ್ರ ಇಲ್ಲವಾದವು.

ಈ ಸಣ್ಣ ನಷ್ಟ ಹೇಗೆ ದೊಡ್ಡದಾಗುತ್ತದೆ ಎಂಬುದನ್ನು 2011ರಲ್ಲಿ ಆಸ್ಟ್ರೇಲಿಯಾದ ಖೌರಿ, ಮೈಯರ್ಸ್‌ಕಫ್ ಮತ್ತು ಬ್ಯಾರನ್ ಗಣಿತದ ಮಾದರಿಯೊಂದರಿಂದ ತೋರಿಸಿದರು. ಹೊರಗೆ ದುಡಿಯುವ ನೊಣಗಳು ಬೇಗ ಸತ್ತರೆ, ಗೂಡಿನೊಳಗೆ ಮರಿ ಸಾಕಬೇಕಾದ ಎಳೆಯ ನೊಣಗಳು ಹೊತ್ತಿಗೆ ಮುಂಚೆ ಹೊರಡಬೇಕಾಗುತ್ತದೆ. ಅನುಭವವಿಲ್ಲದ ಅವು ಇನ್ನೂ ಬೇಗ ಸಾಯುತ್ತವೆ, ಒಳಗೆ ಮರಿಗಳ ಆರೈಕೆ ತಪ್ಪುತ್ತದೆ. ಸಾವಿನ ಪ್ರಮಾಣ ಒಂದು ಮಿತಿಯೊಳಗಿದ್ದರೆ ಕುಟುಂಬ ತಾಳಿಕೊಳ್ಳುತ್ತದೆ. ಮಿತಿ ದಾಟಿತೆಂದರೆ ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ಮಿತಿಯ ಕಡೆಗೆ ತಳ್ಳುವ ಕೈ ಒಂದೇ ಆಗಬೇಕಿಲ್ಲ. 2013ರಲ್ಲಿ ಇಟಲಿಯ ಸಂಶೋಧಕರು ಕ್ಲೋಥಿಯಾನಿಡಿನ್ ಜೇನ್ನೊಣದ ರೋಗನಿರೋಧಕ ವ್ಯವಸ್ಥೆಯನ್ನು ಕುಗ್ಗಿಸಿ, ರೆಕ್ಕೆ ಮುರುಟಿಸುವ ವೈರಸ್ ವೃದ್ಧಿಯಾಗಲು ಅನುವು ಮಾಡಿಕೊಡುತ್ತದೆಂದು ತೋರಿಸಿದರು. ಇದೇ ಗುಂಪಿನ ಥಯಾಕ್ಲೋಪ್ರಿಡ್ ಒಂಟಿಯಾಗಿ ಜೇನಿಗೆ ಅಷ್ಟೇನೂ ವಿಷವಲ್ಲ, ಆದರೆ ಕೆಲವು ಶಿಲೀಂಧ್ರನಾಶಕಗಳೊಂದಿಗೆ ಸೇರಿದರೆ ಅದರ ವಿಷ ನೂರಾರು ಪಟ್ಟು ಏರುತ್ತದೆ. ಇಮಿಡಾಕ್ಲೋಪ್ರಿಡ್‌ನಲ್ಲಿ ಅಂಥ ಏರಿಕೆ ಕಾಣುವುದಿಲ್ಲ. ನಮ್ಮ ರೈತರು ಕೂಲಿ ಉಳಿಸಲು ಎರಡು ಮೂರು ಔಷಧಿಗಳನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸಿ ಹೊಡೆಯುವುದು ಸಾಮಾನ್ಯ. ಪರವಾನಗಿ ನೀಡುವಾಗ ಪರೀಕ್ಷಿಸಿದ್ದು ಒಂದೊಂದನ್ನೇ. ಆದ್ದರಿಂದ ನುಸಿಯೋ ವಿಷವೋ ಎಂಬ ಪ್ರಶ್ನೆಯೇ ಸರಿಯಿಲ್ಲ. ಕುಟುಂಬವನ್ನು ಅಂಚಿಗೆ ತಂದು ನಿಲ್ಲಿಸಿದ್ದು ನುಸಿಯೇ ಆದರೂ, ಅದು ಅಲ್ಲಿಂದ ಹಿಂದೆ ಸರಿಯಲಾಗದಂತೆ ಮಾಡುವುದು ವಿಷವಾಗಿರಬಹುದು.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ಇವೆಲ್ಲ ಬಲವಂತವಾಗಿ ಕುಡಿಸಿದ ಪ್ರಮಾಣಗಳು, ನಿಜವಾದ ಹೊಲದಲ್ಲಿ ಪೆಟ್ಟಿಗೆ ಇಟ್ಟು ನೋಡಿದರೆ ಹಾನಿ ಕಾಣುವುದಿಲ್ಲ ಎಂಬುದು ಅದು. ಹಲವು ಹೊಲಪ್ರಯೋಗಗಳಲ್ಲಿ ಹಾನಿ ಕಾಣಲಿಲ್ಲವೆಂಬುದು ನಿಜ. ಆದರೆ ಕಾಣಲಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ದೊಡ್ಡ ಅಂತರವಿದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಜೇಮ್ಸ್ ಕ್ರೆಸ್‌ವೆಲ್ 2011ರಲ್ಲಿ ಇಮಿಡಾಕ್ಲೋಪ್ರಿಡ್ ಕುರಿತ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಹೊಲದಲ್ಲಿ ಸಿಗುವಷ್ಟು ಪ್ರಮಾಣ ನೊಣವನ್ನು ಕೊಲ್ಲದಿದ್ದರೂ ಅದರ ಕಾರ್ಯಕ್ಷಮತೆಯನ್ನು ಶೇ. 6ರಿಂದ 20ರಷ್ಟು ತಗ್ಗಿಸೀತು, ಆದರೆ ಇಷ್ಟು ವ್ಯತ್ಯಾಸವನ್ನು ಹಿಡಿಯುವ ಶಕ್ತಿ ಅದುವರೆಗಿನ ಹೊಲಪ್ರಯೋಗಗಳಿಗೆ ಇರಲಿಲ್ಲ ಎಂಬುದು ಅವರ ತೀರ್ಮಾನ. ಕೆಲವೇ ಪೆಟ್ಟಿಗೆಗಳು, ಕೆಲವೇ ವಾರಗಳು, ಮನಬಂದತ್ತ ಕಿಲೋಮೀಟರುಗಟ್ಟಲೆ ಹಾರುವ ನೊಣಗಳು. ಇಂಥ ಪ್ರಯೋಗದಲ್ಲಿ ಹಾನಿ ಕಾಣದಿರುವುದು ಪ್ರಯೋಗದ ಮಿತಿಯನ್ನೇ ತೋರಿಸುತ್ತಿರಬಹುದು.

ಈ ಮಿತಿಯನ್ನು ಮೀರಿದ ಪ್ರಯೋಗ ಸ್ವೀಡನ್ನಿನಲ್ಲಿ ನಡೆಯಿತು. ಇಡೀ ಚರ್ಚೆಯಲ್ಲಿ ನಾನು ಅತ್ಯಂತ ಹೆಚ್ಚು ತೂಕ ಕೊಡುವುದು ಇದಕ್ಕೆ. ಮಾಯ್ ರುಂಡ್‌ಲಾಫ್ ಮತ್ತು ಸಂಗಡಿಗರು ಸಾಸಿವೆ ಜಾತಿಯ ಎಣ್ಣೆಬೀಜದ 16 ಹೊಲಗಳನ್ನು ಆರಿಸಿ, 8ರಲ್ಲಿ ಕ್ಲೋಥಿಯಾನಿಡಿನ್ ಮತ್ತು ಪೈರೆಥ್ರಾಯ್ಡ್ ಗುಂಪಿನ ಇನ್ನೊಂದು ಕೀಟನಾಶಕವನ್ನು ಲೇಪಿಸಿದ ಬೀಜವನ್ನೂ ಉಳಿದ 8ರಲ್ಲಿ ಕೀಟನಾಶಕವಿಲ್ಲದ ಬೀಜವನ್ನೂ ಬಿತ್ತಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಜೇನ್ನೊಣದ ಪೆಟ್ಟಿಗೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಅದೇ ಹೊಲಗಳಲ್ಲಿ ಕಾಡು ನೊಣಗಳ ಸಾಂದ್ರತೆ ಇಳಿದಿತ್ತು, ಬಂಬಲ್‌ಬೀ ಕುಟುಂಬಗಳ ಬೆಳವಣಿಗೆ ಕುಗ್ಗಿತ್ತು, ಒಂಟಿಯಾಗಿ ಗೂಡು ಕಟ್ಟುವ ಆಸ್ಮಿಯಾ ನೊಣಗಳು ವಿಷವಿದ್ದ ಹೊಲಗಳ ಪಕ್ಕದಲ್ಲಿ ಗೂಡನ್ನೇ ಕಟ್ಟಲಿಲ್ಲ. ಒಂದೇ ಹೊಲ, ಒಂದೇ ವಿಷ, ಒಂದೇ ಋತು. ಜೇನುಪೆಟ್ಟಿಗೆ ಎಲ್ಲ ಸರಿಯಿದೆ ಎಂದಿತು, ಉಳಿದವು ಇಲ್ಲ ಎಂದವು. ಇದಕ್ಕೆ ಕಾರಣ ಜೇನ್ನೊಣದ ಬದುಕಿನ ರೀತಿಯಲ್ಲೇ ಇದೆ. ಮೆಲ್ಲಿಫೆರಾ ಕುಟುಂಬದಲ್ಲಿ ಹತ್ತಾರು ಸಾವಿರ ಕೆಲಸಗಾರ ನೊಣಗಳಿರುತ್ತವೆ, ರಾಣಿ ದಿನಕ್ಕೆ ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡಬಲ್ಲದು. ನೂರು ನೊಣ ದಾರಿ ತಪ್ಪಿದರೂ ಕುಟುಂಬ ಆ ನಷ್ಟವನ್ನು ತುಂಬಿಕೊಳ್ಳುತ್ತದೆ. ಒಂಟಿ ನೊಣದಲ್ಲಿ ಗೂಡು ಕಟ್ಟುವವಳು, ಪರಾಗ ತರುವವಳು, ಮೊಟ್ಟೆಯಿಡುವವಳು ಎಲ್ಲ ಅವಳೊಬ್ಬಳೇ. ಅವಳು ದಾರಿ ತಪ್ಪಿದರೆ ಅಲ್ಲಿಗೆ ಒಂದು ಸಂತತಿ ಮುಗಿಯಿತು. ಹೀಗೆ, ನಷ್ಟವನ್ನು ಮರೆಮಾಚುವುದರಲ್ಲಿ ಎಲ್ಲಕ್ಕಿಂತ ಸಮರ್ಥವಾದ ನೊಣವನ್ನೇ ನಾವು ಉಳಿದೆಲ್ಲ ನೊಣಗಳ ಪರವಾಗಿ ಸಾಕ್ಷಿಕಟ್ಟೆಗೆ ಹತ್ತಿಸಿದ್ದೇವೆ. ಬೆನ್ ವುಡ್‌ಕಾಕ್ ಮತ್ತು ತಂಡ 2017ರಲ್ಲಿ ಪ್ರಕಟಿಸಿದ ಮೂರು ದೇಶಗಳ ಅಧ್ಯಯನದಲ್ಲಿ ಜೇನ್ನೊಣಗಳಿಗೆ ಹಂಗೆರಿಯಲ್ಲಿ ಹಾನಿ ಕಂಡಿತು, ಜರ್ಮನಿಯಲ್ಲಿ ಕಾಣಲಿಲ್ಲ. ಸುತ್ತ ಬೇರೆ ಹೂಗಳಿವೆಯೇ, ನೊಣಗಳಲ್ಲಿ ರೋಗವಿದೆಯೇ ಎಂಬುದರ ಮೇಲೆ ಉತ್ತರ ಬದಲಾಗಬಲ್ಲದು ಎಂಬುದನ್ನು ಇದು ಸೂಚಿಸಿತು. ಕೀಟನಾಶಕ ತಯಾರಕರೂ ಈ ಅಧ್ಯಯನಕ್ಕೆ ಹಣ ಕೊಟ್ಟಿದ್ದರು ಎಂಬುದರಿಂದ ಹಂಗೆರಿಯ ಫಲಿತಾಂಶಕ್ಕೆ ತೂಕ ಹೆಚ್ಚು. ಐರೋಪ್ಯ ಒಕ್ಕೂಟ 2013ರಲ್ಲಿ ಮೂರು ನಿಯೊನಿಕೋಟಿನಾಯ್ಡ್‌ಗಳನ್ನು ಜೇನು ಸುಳಿಯುವ ಬೆಳೆಗಳಲ್ಲಿ ನಿರ್ಬಂಧಿಸಿ, 2018ರಲ್ಲಿ ಅವನ್ನು ಬಯಲು ಬೇಸಾಯದಿಂದಲೇ ಹೊರಗಿಟ್ಟಿತು.

ಸ್ವೀಡನ್ನಿನ ಈ ಪಾಠ ಕರ್ನಾಟಕಕ್ಕೆ ಇನ್ನೂ ನೇರವಾಗಿ ತಾಗುತ್ತದೆ, ಏಕೆಂದರೆ ಇಲ್ಲಿ ಪರಾಗಸ್ಪರ್ಶದ ದೊಡ್ಡ ಭಾಗ ಪೆಟ್ಟಿಗೆಯ ಹೊರಗೇ ನಡೆಯುತ್ತದೆ. ರೊಬಸ್ಟಾ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು, ಬೇರೆ ಗಿಡದ ಪರಾಗ ಬೇಕೇ ಬೇಕು. ಕೊಡಗಿನ ತೋಟಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕೆಲಸದ ಮುಂಚೂಣಿಯಲ್ಲಿ ಕಂಡದ್ದು ಹೆಜ್ಜೇನು. ಹೆಜ್ಜೇನನ್ನು ಯಾರೂ ಪೆಟ್ಟಿಗೆಯಲ್ಲಿ ಸಾಕಲಾಗದು. ಅದು ಮರದ ಕೊಂಬೆಗೋ ಬಂಡೆಗೋ ಒಂದೇ ದೊಡ್ಡ ಎರಿಯನ್ನು ಬಯಲಲ್ಲೇ ನೇತುಹಾಕಿ, ಋತು ಬದಲಾದಂತೆ ಕಾಡು ಮತ್ತು ಬಯಲುಗಳ ನಡುವೆ ವಲಸೆ ಹೋಗುತ್ತದೆ. ಕಲಬುರಗಿಯ ತೊಗರಿಯ ಹೂವನ್ನು ಬಿಡಿಸಿ ಪರಾಗ ಮುಟ್ಟಿಸುವುದರಲ್ಲಿ ಎಲೆ ಕತ್ತರಿಸುವ ನೊಣಗಳೂ ಮರ ಕೊರೆಯುವ ಕಪ್ಪು ದುಂಬಿಗಳೂ ಪಾಲುದಾರರು. ಬದನೆಯ ಹೂವಿನ ಪರಾಗ ಹೊರಬೀಳಬೇಕಾದರೆ ಹೂವನ್ನು ಹಿಡಿದು ಝೇಂಕರಿಸಿ ಅಲುಗಿಸಬೇಕು. ಜೇನ್ನೊಣಕ್ಕೆ ಈ ವಿದ್ಯೆ ಬಾರದು, ದುಂಬಿಗಳಿಗೂ ಕೆಲವು ಒಂಟಿ ನೊಣಗಳಿಗೂ ಬರುತ್ತದೆ. ಇವುಗಳಿಗೆ ಪೆಟ್ಟಿಗೆಯಿಲ್ಲ, ಒಡೆಯನಿಲ್ಲ, ಸತ್ತರೆ ದೂರು ಕೊಡುವವರಿಲ್ಲ. ನಮ್ಮ ನಾಡಿನ ನೊಣಗಳನ್ನು ಸಾಕ್ಷಿಕಟ್ಟೆಗೆ ಕರೆದ ಅಧ್ಯಯನಗಳೇ ಕಡಿಮೆ, ಕರೆದ ಕೆಲವೆಡೆ ಉತ್ತರ ಕಳವಳಕಾರಿ. ಕೋಲ್ಕತ್ತಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ವ ಭಾರತದಲ್ಲಿ ಕೀಟನಾಶಕ ಹೆಚ್ಚು ಬಳಸುವ ಕೃಷಿಪ್ರದೇಶದ ತುಡುವೆ ನೊಣಗಳಲ್ಲಿ ವಾಸನೆ ಗ್ರಹಿಸುವ ಶಕ್ತಿ ಕುಂದಿರುವ ಲಕ್ಷಣ ಕಂಡಿತು. 2020ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಗೀತಾ ತಿಮ್ಮೇಗೌಡ ಮತ್ತು ಸಂಗಡಿಗರು, ನಗರದ ಮಾಲಿನ್ಯ ಹೆಚ್ಚಿದ್ದ ಜಾಗಗಳಲ್ಲಿ ಹಿಡಿದ ಹೆಜ್ಜೇನು ನೊಣಗಳಲ್ಲಿ ಶೇ. 80ಕ್ಕಿಂತ ಹೆಚ್ಚು ಒಂದೇ ದಿನದಲ್ಲಿ ಸತ್ತವೆಂದು ವರದಿ ಮಾಡಿದರು. ಅಲ್ಲಿ ಆರೋಪಿ ಗಾಳಿಯ ದೂಳು, ಕೀಟನಾಶಕವಲ್ಲ. ಆದರೆ ವಲಸೆಯ ದಾರಿಯಲ್ಲಿ ನಗರವನ್ನೂ ಹೊಲವನ್ನೂ ಹಾದು ಹೋಗುವ ಹೆಜ್ಜೇನಿಗೆ ಒಂದರ ಪೆಟ್ಟು ಇನ್ನೊಂದರ ಪೆಟ್ಟಿನ ಮೇಲೆ ಬೀಳುತ್ತದೆ.

ನಾವು ರೈತರಿಗೆ ಕೊಡುವ ಸಲಹೆಗಳೂ ಬೇರೆ ನೊಣಕ್ಕೆ ಹೊಂದುವಂಥವು. ಸಂಜೆಯ ಮೇಲೆ ಔಷಧಿ ಹೊಡೆದರೆ ಜೇನಿಗೆ ತೊಂದರೆಯಿಲ್ಲ ಎನ್ನುತ್ತೇವೆ. ಹಗಲಷ್ಟೇ ಹಾರುವ ಮೆಲ್ಲಿಫೆರಾಕ್ಕೆ ಈ ಮಾತು ಬಹುಮಟ್ಟಿಗೆ ಸರಿ. ಹೆಜ್ಜೇನು ಬೆಳದಿಂಗಳ ರಾತ್ರಿಯಲ್ಲೂ ಹೂವು ಅರಸಿ ಹೋಗುತ್ತದೆ. ಗಿಡದ ಒಳಗೇ ಹರಿಯುವ ಔಷಧಿಗಂತೂ ಹಗಲು ರಾತ್ರಿಗಳ ಭೇದವಿಲ್ಲ.

ರೈತನ ಕಡೆಯಿಂದ ಬರುವ ಆಕ್ಷೇಪ ಇವೆಲ್ಲಕ್ಕಿಂತ ಭಾರವಾದದ್ದು. ಮೆಣಸಿನಕಾಯಿ ಬೆಳೆಗಾರ 2021–22ರಲ್ಲಿ ಹೊಸ ಜಾತಿಯ ಥ್ರಿಪ್ಸ್ ದಾಳಿಗೆ ಹೂವು ಉದುರಿ ಹೋಗುವುದನ್ನು ನೋಡುತ್ತಾ, ಸಾಲ ಮಾಡಿ ಔಷಧಿ ಹೊಡೆದ. ಅವನಿಗೆ ದುಂಬಿಗಳ ಕಥೆ ಹೇಳಿದರೆ ಬೆಳೆ ಉಳಿಯುವುದಿಲ್ಲ. ಯುರೋಪಿನ ಅನುಭವವೂ ಪೂರ್ತಿ ಸಿಹಿಯಲ್ಲ. ನಿರ್ಬಂಧದ ನಂತರ ಇಂಗ್ಲೆಂಡಿನ ಎಣ್ಣೆಬೀಜದ ಹೊಲಗಳನ್ನು ಜಿಗಿಯುವ ಜೀರುಂಡೆಗಳು ಹಾಳುಗೆಡವಿದವು, ಅನೇಕರು ಹಳೆಯ ಪೈರೆಥ್ರಾಯ್ಡ್ ಸಿಂಪಡಣೆಗೆ ಮರಳಿದರು. 2020ರಲ್ಲಿ ಸಸ್ಯಹೇನುಗಳು ಹರಡಿದ ವೈರಸ್‌ನಿಂದ ಫ್ರಾನ್ಸಿನ ಸಕ್ಕರೆ ಬೀಟ್ ಬೆಳೆ ಕುಸಿಯಿತು. ಒಂದು ಔಷಧಿಯನ್ನು ಕಿತ್ತುಕೊಂಡು ಬದಲಿಗೆ ಏನನ್ನೂ ಕೊಡದಿದ್ದರೆ, ರೈತ ಅದಕ್ಕಿಂತ ಕೆಟ್ಟದ್ದನ್ನು ಹಿಡಿಯಬಹುದು. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದು ಎತ್ತಿಹಿಡಿಯುವುದು ಕೀಟ ಬಂದಾಗ ಹೊಡೆಯುವ ಔಷಧಿಯನ್ನು. ಜಗತ್ತಿನ ಲಕ್ಷಾಂತರ ಎಕರೆಗಳಲ್ಲಿ ನಡೆಯುತ್ತಿರುವುದು ಬೇರೆಯದೇ: ಕೀಟ ಬರುತ್ತದೋ ಇಲ್ಲವೋ ತಿಳಿಯುವ ಮೊದಲೇ ಪ್ರತಿ ಬೀಜಕ್ಕೂ ವಿಷ ಬಳಿಯುವುದು. ಜ್ವರ ಬಂದೀತೆಂದು ಊರಿನವರೆಲ್ಲ ದಿನವೂ ಮಾತ್ರೆ ನುಂಗಿದ ಹಾಗೆ ಇದು.

ಈ ಮುಂಜಾಗ್ರತೆಯ ವಿಷದಿಂದ ರೈತನಿಗೆ ಸಿಗುವ ಲಾಭವೆಷ್ಟು? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2014ರಲ್ಲಿ ಸೋಯಾಬೀನ್ ಬೀಜೋಪಚಾರವನ್ನು ಪರಿಶೀಲಿಸಿ, ಹೆಚ್ಚಿನ ಸಂದರ್ಭಗಳಲ್ಲಿ ಅದರಿಂದ ಇಳುವರಿಗೆ ಲಾಭ ಅತ್ಯಲ್ಪ ಅಥವಾ ಶೂನ್ಯ ಎಂದಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಮುಸುಕಿನ ಜೋಳ ಮತ್ತು ಸೋಯಾಬೀನ್ ಬೆಳೆಯುವ 84 ತಾಣಗಳಲ್ಲಿ 2012ರಿಂದ 2016ರವರೆಗೆ ನಡೆದ ಅಧ್ಯಯನದಲ್ಲಿ, ಬೀಜಕ್ಕೆ ಲೇಪಿಸಿದ ಔಷಧಿ ಉಪಯೋಗಕ್ಕೆ ಬಂದದ್ದು ಶೇ. 5ಕ್ಕಿಂತ ಕಡಿಮೆ ಪ್ರಸಂಗಗಳಲ್ಲಿ. ಕ್ವಿಬೆಕ್ ಸರ್ಕಾರ ಕೃಷಿತಜ್ಞರ ಚೀಟಿಯಿಲ್ಲದೆ ಅಂಥ ಬೀಜ ಬಿತ್ತಕೂಡದೆಂದು ನಿಯಮ ಮಾಡಿತು, ಬಳಕೆ ಕಡಿದಾಗಿ ಇಳಿಯಿತು. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಮುಸುಕಿನ ಜೋಳ ಮತ್ತು ಕಲ್ಲಂಗಡಿಯನ್ನು ಅಕ್ಕಪಕ್ಕ ಬೆಳೆದು, ಒಂದು ಕಡೆ ರೂಢಿಯಂತೆ ಔಷಧಿ ಬಳಸಿದರು, ಇನ್ನೊಂದು ಕಡೆ ಕೀಟಗಳನ್ನು ಎಣಿಸಿ ಮಿತಿ ಮೀರಿದಾಗ ಮಾತ್ರ ಹೊಡೆದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕೀಟನಾಶಕ ಬಳಕೆ ಶೇ. 95ರಷ್ಟು ಇಳಿಯಿತು, ಜೋಳದ ಇಳುವರಿ ಇಳಿಯಲಿಲ್ಲ, ಕಾಡು ನೊಣಗಳ ಭೇಟಿ ಹೆಚ್ಚಿ ಕಲ್ಲಂಗಡಿಯ ಇಳುವರಿ ಶೇ. 26ರಷ್ಟು ಏರಿತು. ಪರಾಗಸ್ಪರ್ಶಿಗಳನ್ನು ಉಳಿಸುವುದು ಮತ್ತು ರೈತನನ್ನು ಉಳಿಸುವುದು ಪರಸ್ಪರ ವಿರುದ್ಧವೆಂಬ ನಂಬಿಕೆ ಈ ಹೊಲಗಳಲ್ಲಿ ಸುಳ್ಳಾಯಿತು.

ಅಮೆರಿಕ, ಕೆನಡಾಗಳ ವಿಶಾಲ ಹೊಲಗಳ ಫಲಿತಾಂಶ ಎರಡೆಕರೆ ಹಿಡುವಳಿಗೆ ಹಾಗೆಯೇ ಅನ್ವಯಿಸದು ಎಂದು ಯಾರಾದರೂ ಹೇಳಿದರೆ ಅದೂ ಸರಿಯೇ. ಅದಕ್ಕಾಗಿಯೇ ಇಲ್ಲಿನ ಬೆಳೆ, ಇಲ್ಲಿನ ಕೀಟ, ಇಲ್ಲಿನ ನೊಣಗಳ ಮೇಲೆ ಇಲ್ಲಿಯೇ ಪರೀಕ್ಷೆಯಾಗಬೇಕು. ಭಾರತದಲ್ಲಿ ಕೀಟನಾಶಕಗಳ ನೋಂದಣಿ ನಡೆಯುವುದು 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲಿ. ತುಡುವೆ, ಹೆಜ್ಜೇನು, ಮುಜಂಟಿ ಮತ್ತು ಒಂಟಿ ನೊಣಗಳ ಮೇಲಿನ ಪರಿಣಾಮ, ಸಾವಿನ ಜೊತೆಗೆ ದಾರಿ ತಪ್ಪುವಿಕೆ, ಸಂತಾನ ಕುಸಿತ, ಬೆರಕೆ ಔಷಧಿಗಳ ಪರಿಣಾಮ ಇವೆಲ್ಲ ಆ ನೋಂದಣಿಯ ಷರತ್ತುಗಳಾಗಬೇಕು. ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧಿಗಳನ್ನೂ ಹೊಸ ಸಾಕ್ಷ್ಯದ ಬೆಳಕಿನಲ್ಲಿ ಮತ್ತೆ ಪರಿಶೀಲಿಸಬೇಕು. ಲೇಪನವಿಲ್ಲದ ಬೀಜ ಬೇಕೆನ್ನುವ ರೈತನಿಗೆ ಅದು ಅಂಗಡಿಯಲ್ಲಿ ಸಿಗುವಂತಿರಬೇಕು. ಇಂದು ಬಹುತೇಕ ರೈತರಿಗೆ ಯಾವ ಔಷಧಿ ಎಷ್ಟು ಹೊಡೆಯಬೇಕೆಂದು ಹೇಳುವವನು ಅದನ್ನು ಮಾರುವವನೇ ಆಗಿದ್ದಾನೆ. ಕೀಟ ಎಣಿಸಿ ನಿರ್ಧರಿಸುವ ಪದ್ಧತಿ ಕೃಷಿ ವಿಶ್ವವಿದ್ಯಾಲಯಗಳ ಪುಸ್ತಕಗಳಲ್ಲಿ ದಶಕಗಳಿಂದ ಇದೆ. ಅದನ್ನು ಹೊಲದ ಬದುವಿಗೆ ತಲಪಿಸುವ, ಮಾರಾಟದಲ್ಲಿ ಪಾಲಿಲ್ಲದ ಸಲಹೆಗಾರರು ಹೋಬಳಿಗೊಬ್ಬರಾದರೂ ಬೇಕು. ಇದಕ್ಕೆ ಸರ್ಕಾರ ಹಣ ಖರ್ಚು ಮಾಡಬೇಕು. ಆ ಖರ್ಚಿಲ್ಲದೆ ಬರೀ ನಿಷೇಧ ಹೇರುವುದು ರೈತನ ಮೇಲೆ ಹೊರೆ ಹಾಕಿದಂತೆ.

ಪೂರ್ಣ ಖಚಿತತೆ ಬರುವವರೆಗೆ ಕಾಯೋಣ ಎನ್ನುವುದು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು. ಆದರೆ ಕಾಯುವುದೂ ಒಂದು ತೀರ್ಮಾನವೇ. ಪೆಟ್ಟಿಗೆಯಲ್ಲಿರುವ ಜೇನು ಸತ್ತರೆ ಇನ್ನೊಂದು ಕುಟುಂಬವನ್ನು ಪಾಲು ಮಾಡಿಕೊಳ್ಳಬಹುದು. 1990ರ ದಶಕದ ಮಹಾಮಾರಿಯ ನಂತರ ನಮ್ಮ ತುಡುವೆ ಮತ್ತೆ ಚಿಗುರಿದ್ದು, ಕಾಡಿನಲ್ಲಿ ಬದುಕುಳಿದ ಕುಟುಂಬಗಳನ್ನು ಜೇನುಕೃಷಿಕರು ತಂದು ಸಾಕಿದ್ದರಿಂದಲೂ ಹೌದು. ಹೆಜ್ಜೇನನ್ನೂ ತೊಗರಿಯ ದುಂಬಿಯನ್ನೂ ಹಾಗೆ ಪಾಲು ಮಾಡಿ ಹೆಚ್ಚಿಸುವ ವಿದ್ಯೆ ಯಾರಿಗೂ ತಿಳಿದಿಲ್ಲ. ಮರಳಿ ತರಲಾಗದ್ದನ್ನು ಪಣಕ್ಕಿಡುವಾಗ, ಅಪಾಯವಿದೆಯೆಂದು ಸಾಬೀತುಪಡಿಸುವ ಭಾರ ನೊಣಗಳ ಪರ ಮಾತಾಡುವವರ ಮೇಲಿರಬಾರದು. ಆ ವಿಷ ಆ ಹೊಲಕ್ಕೆ ಆ ಹೊತ್ತಿಗೆ ಬೇಕೇ ಬೇಕಿತ್ತೆಂದು ತೋರಿಸುವ ಹೊಣೆ ಅದನ್ನು ತಯಾರಿಸುವವರ, ಮಾರುವವರ ಮತ್ತು ಅದಕ್ಕೆ ಪರವಾನಗಿ ಕೊಡುವವರ ಮೇಲಿರಬೇಕು.